ಪಟ್ಟಕ್ಕೂ ಪಟ್ಟಿಗೂ ನಡುವೆ

ಆ ಶನಿವಾರವೂ ಬೆಳಿಗ್ಗೆ ಎಂದಿನಂತೆ ಹಾಲು ಕಾಯಲಿಟ್ಟು, ಉಕ್ಕದಂತೆ ನೋಡಿಕೊಳ್ಳುತ್ತಾ ಅಲ್ಲೇ ನಿಂತಿದ್ದೆ. ಜುಲೈ ತಿಂಗಳ ಚಳಿಗೆ ನೈರೋಬಿಯ ಅಡುಗೆಮನೆಯಲ್ಲಿ ಒಲೆಯ ಪಕ್ಕ ಬಿಟ್ಟರೆ ಬೇರೆಲ್ಲೂ ನಿಲ್ಲಲು ಮನಸ್ಸಾಗುವುದಿಲ್ಲ. ಕಿಟಕಿಯಾಚೆ ಉದ್ದ ಕೊಕ್ಕಿನ ಹಡಾಡಾ ಹಕ್ಕಿಗಳು ಯಾರ ಮೇಲೋ ರೇಗುತ್ತಾ ಹುಲ್ಲಿನ ಮೇಲೆ ಇಳಿದವು. ಗೋಡೆಯಾಚೆ ಪಕ್ಕದ ಮನೆಯ ಮಾಮಾ ಮುಥೋನಿಯ ರೇಡಿಯೋದಲ್ಲಿ ಭಕ್ತಿಗೀತೆ ಮುಗಿದು ಟ್ರಾಫಿಕ್ಕಿನ ಸುದ್ದಿ ಶುರುವಾಗಿತ್ತು. ಇಲ್ಲಿ ಹೆಂಗಸರನ್ನು ಮಕ್ಕಳ ಹೆಸರು ಹಿಡಿದು ಕರೆಯುತ್ತಾರೆ. ಮಾಮಾ ಎಂದರೆ ತಾಯಿ; ಮುಥೋನಿ ಎಂಬವಳ ತಾಯಿ ಆಕೆ. ನನ್ನ ಗಂಡ ವಿಲ್ಫ್ರೆಡ್ ಚಹಾ ಕುಡಿದ ಲೋಟವನ್ನು ಸಿಂಕಿನೊಳಗೆ ಇಡದೆ, ಎಂದಿನಂತೆ ಸಿಂಕಿನ ಪಕ್ಕದಲ್ಲಿಟ್ಟು ಹೋದರು. ನಾನು ಊಟದ ಮೇಜಿನ ಮೇಲೆ ಹಳೆಯ ಕಂಬಳಿ ಹಾಸಿ, ಇಸ್ತ್ರಿ ಪೆಟ್ಟಿಗೆ ಬಿಸಿಗಿಟ್ಟು, ವಿಜಯನಗರದ ಅರಮನೆಯನ್ನು ಒಂದೊಂದಾಗಿ ಚೀಲದಿಂದ ಹೊರತೆಗೆದೆ. ರಾಯರ ರೇಷ್ಮೆ ಪಂಚೆ. ಮಂತ್ರಿಯ ಶಲ್ಯ. ಸಖಿಯರ ರವಿಕೆಗಳು, ಅದರಲ್ಲಿ ಒಂದಕ್ಕೆ ಇನ್ನೂ ಹುಕ್ಕಿಲ್ಲ. ಕೊನೆಗೆ ಒಂದು ಜರಿಯ ಪಟ್ಟ, ಏಳು ವರ್ಷದ ಹಣೆಯ ಅಳತೆಗೆ ಹೊಲಿದದ್ದು.

ಇದು ನನ್ನ ಕೆಲಸವಾಗಿತ್ತು. ಸಂಬಳವಿಲ್ಲದ ಕೆಲಸಕ್ಕೆ ನಿವೃತ್ತಿ ಎಲ್ಲಿಂದ ಬಂತು ಎಂದು ವಿಲ್ಫ್ರೆಡ್ ಕೇಳುತ್ತಾರೆ. ಬರುತ್ತದೆ. ಸೂಜಿಗೆ ದಾರ ಪೋಣಿಸಲು ಇನ್ನೊಬ್ಬರ ಕಣ್ಣು ಬೇಕಾದ ದಿನ ತಾನಾಗಿ ಬರುತ್ತದೆ. ಇಲ್ಲಿನ ಕನ್ನಡದವರು ವರ್ಷಕ್ಕೊಮ್ಮೆ ಆಡಿಸುವ ಮಕ್ಕಳ ನಾಟಕಕ್ಕೆ ಬಟ್ಟೆ ಹೊಲಿಯುವುದು, ಆಟದ ದಿನ ಪರದೆಯ ಹಿಂದೆ ನಿಂತು ಮರೆತ ಮಾತು ಹೇಳಿಕೊಡುವುದು, ಇವೆರಡನ್ನೂ ನನ್ನ ಮಕ್ಕಳು ಚಿಕ್ಕವರಿದ್ದಾಗ ಹಿಡಿದವಳು ಮೊಮ್ಮಗು ಹುಟ್ಟಿದ ಮೇಲೆಯೇ ಬಿಟ್ಟದ್ದು. ಈಗ ಬೇರೆ ತಾಯಂದಿರು ವಹಿಸಿಕೊಂಡಿದ್ದಾರೆ. ಕೆಲಸ ನಿಜವಾಗಿ ಹೇಗಿರುತ್ತದೆ ಎಂದು ಬರೆದುಕೊಡಿ ಆಂಟಿ ಎಂದು ಅವರು ಕೇಳಿದ್ದರಿಂದ ಬರೆಯುತ್ತಿದ್ದೇನೆ. ಶಾಲು ಹೊದಿಸಿದ್ದು, ಹಣ್ಣಿನ ಬುಟ್ಟಿ ಕೊಟ್ಟದ್ದು ಅವರು ನೋಡಿದ್ದಾರೆ. ಅದು ಬೇಡ.

ಮೊದಲನೆಯದಾಗಿ, ಈ ಕೆಲಸಕ್ಕೆ ನಾನು ಹೇಗೆ ಬಂದೆ ಎಂಬುದೇ ನನಗೆ ಸರಿಯಾಗಿ ತಿಳಿಯದು. ನಾವು ಮಂಗಳೂರಿನ ಕೊಂಕಣಿ ಮನೆಯವರು. ಕನ್ನಡ ನನಗೆ ಬಂದದ್ದು ಕಾನ್ವೆಂಟಿನಿಂದ. ಮಹಾಪ್ರಾಣ ತಪ್ಪಿದರೆ ಊಟದ ಬೆಲ್ಲಿನ ನಂತರವೂ ಕೂರಿಸುತ್ತಿದ್ದ ಸಿಸ್ಟರ್ ಒಬ್ಬರಿಂದ. ಹಾಗಾಗಿ ಬರೆದರೆ ಪುಸ್ತಕದ ಹಾಗೆ ಬರೆಯುತ್ತೇನೆ, ಬಾಯಿ ತೆರೆದರೆ ಮಂಗಳೂರು ಹೊರಗೆ ಬರುತ್ತದೆ. ನಾಟಕ ಬರೆದು ಆಡಿಸುವ ನಾಗರಾಜ್ ಡಾಕ್ಟರು ಮೈಸೂರಿನವರು, ಹಲ್ಲಿನ ಡಾಕ್ಟರು. ಇಷ್ಟು ವರ್ಷ ನನ್ನ ಮೇಲಧಿಕಾರಿ ಎಂದರೆ ಅವರೇ. "ಲೂಸಿಯವ್ರೇ, ನಿಮ್ಮ ಸ್ಪೆಲ್ಲಿಂಗು ಚಿನ್ನ, ಆದ್ರೆ ದಯವಿಟ್ಟು ಮಕ್ಕಳ ಮುಂದೆ ಮಾತಾಡ್ಬೇಡಿ" ಎನ್ನುತ್ತಿದ್ದರು.

ಅವರ ಹೆದರಿಕೆಗೆ ಕಾರಣವಿತ್ತು. ಒಂದು ವರ್ಷ ಚಾಲುಕ್ಯರ ನಾಟಕ. ರಾಜ ದಂಡಯಾತ್ರೆಗೆ ಹೊರಟಿದ್ದಾನೆ, ರಾಣಿ ಬೀಳ್ಕೊಡಬೇಕು. ರಾಣಿಯಾಗಿದ್ದ ಹುಡುಗಿ ಮಾತು ಮರೆತು ಕಣ್ಣಂಚಿನಲ್ಲಿ ನನ್ನನ್ನೇ ನೋಡುತ್ತಿದ್ದಳು. ಅದೇ ಹೊತ್ತಿಗೆ ಪರದೆಯ ಹಗ್ಗದ ಮೇಲೆ ನಿಂತಿದ್ದ ಒಬ್ಬ ಸಖಿಗೆ ನಾನು ಮೆಲ್ಲಗೆ, "ಸ್ವಲ್ಪ ಆಚೆ ಹೋಗು ಮಾರಾಯ್ತಿ" ಎಂದೆ. ರಾಣಿ ಎದೆಯುಬ್ಬಿಸಿ, ಕೈಯೆತ್ತಿ, ಸಭೆಗೆಲ್ಲ ಕೇಳುವಂತೆ ಮಹಾರಾಜನಿಗೆ ಹೇಳಿದಳು: "ಸ್ವಲ್ಪ ಆಚೆ ಹೋಗು ಮಾರಾಯ್ತಿ!" ರಾಜ ಹೋದ. ಆತನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಆದ್ದರಿಂದ ಹೊಸಬರಿಗೆ ನನ್ನ ಮೊದಲ ಮಾತು: ಪರದೆಯ ಹಿಂದೆ ನಿಂತವರಿಗೆ ಸ್ವಂತ ಮಾತು ಎಂಬುದಿಲ್ಲ.

ಬಟ್ಟೆಯ ವಿಷಯ ಈಗ ಸುಲಭ. ನಮ್ಮ ಕಾಲದಲ್ಲಿ ಕಿರೀಟ ಎಂದರೆ ಬಿಸ್ಕತ್ತಿನ ರಟ್ಟು, ಚಿನ್ನದ ಬಣ್ಣದ ಕಾಗದ. ಇವತ್ತು ಫೋನಿನಲ್ಲಿ ಒತ್ತಿದರೆ ಬೆಂಗಳೂರಿನಿಂದ ಕಿರೀಟ ಬರುತ್ತದೆ, ಪ್ರತಿ ಮಗುವಿಗೂ ಒಂದೇ ಅಳತೆಯದು. ಮಾತು ಕಲಿಸುವುದು ಮಾತ್ರ ಕಷ್ಟವಾಗಿದೆ. ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಓದಲು ಬರುವುದಿಲ್ಲವಾದ್ದರಿಂದ ಅವರ ಮಾತುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಡುತ್ತೇವೆ. ಈ ವಿಜಯನಗರದ ನಾಟಕದ ಮೊದಲ ತಾಲೀಮಿನಲ್ಲೇ ಒಬ್ಬ ಸಖಿ, "ಕುಮಾರನಿಗೆ ಹಾಲು ಕೊಡಿ" ಎನ್ನುವ ಬದಲು "ಕುಮಾರನಿಗೆ ಹಲ್ಲು ಕೊಡಿ" ಎಂದು ಓದಿದಳು. ನಾಗರಾಜ್ ಡಾಕ್ಟರು ನಗಲಿಲ್ಲ. "ಸೋಮವಾರ ಕ್ಲಿನಿಕ್ಕಿಗೆ ಕರ್ಕೊಂಡ್ಬಾಮ್ಮ, ಕೊಡೋಣ" ಎಂದರು.

ನಾಟಕ ಕೃಷ್ಣದೇವರಾಯನ ಮಗನದ್ದು. ರಾಯ ತಾನು ಬದುಕಿರುವಾಗಲೇ ಆರು ವರ್ಷದ ಮಗ ತಿರುಮಲನಿಗೆ ಪಟ್ಟ ಕಟ್ಟಿಸಿದ; ಕೆಲವು ತಿಂಗಳಲ್ಲೇ ಮಗು ತೀರಿಕೊಂಡಿತು. ವಿಷ ಹಾಕಿದರೆಂದು ಗುಮಾನಿ ಬಂದು, ರಾಯ ತಂದೆಯಂತೆ ನಂಬಿದ್ದ ಮುದಿ ಮಂತ್ರಿ ತಿಮ್ಮರಸನ ಕಣ್ಣು ಕೀಳಿಸಿದ ಎಂದು ಕಥೆ. ನಾನು ಹೊಲಿಯುವ ಮೊದಲು ಓದುವವಳು. ಓದಿದಷ್ಟೂ ತಲೆ ಕೆಟ್ಟಿತು. ಒಬ್ಬರು ವಿಷ ಎನ್ನುತ್ತಾರೆ, ಒಬ್ಬರು ಕಾಯಿಲೆ ಎನ್ನುತ್ತಾರೆ, ಇನ್ನೊಬ್ಬರು ಕಣ್ಣು ಕೀಳಿಸಿದ್ದೇ ಸುಳ್ಳು ಎನ್ನುತ್ತಾರೆ. ಆ ಮಗುವಿಗೆ ಯಾವ ತಿಂಡಿ ಇಷ್ಟ, ರಾತ್ರಿ ಯಾರ ಪಕ್ಕ ಮಲಗುತ್ತಿತ್ತು, ಯಾರೂ ಬರೆದಿಲ್ಲ. ಮಕ್ಕಳ ಗೊಂದಲ ಬೇರೆಯೇ. ರಾಯ ಮಂತ್ರಿಯನ್ನು "ಅಪ್ಪಾಜಿ" ಎಂದು ಕರೆಯುತ್ತಾನಲ್ಲ, ಹಾಗಾದರೆ ರಾಯನ ನಿಜವಾದ ಅಪ್ಪ ಎಲ್ಲಿ ಎಂದು ಅವರು ತಾಲೀಮು ನಿಲ್ಲಿಸಿ ಕೇಳುತ್ತಿದ್ದರು.

ರಾಯನ ಪಾತ್ರ ನಾಗರಾಜ್ ಡಾಕ್ಟರದ್ದೇ. ಕುಮಾರನ ಪಾತ್ರಕ್ಕೆ ಒಪ್ಪುವ ಹುಡುಗ ಸಿಗದೆ ಇಶಾ ಎಂಬ ಹುಡುಗಿಯನ್ನು ಆರಿಸಿದರು. ತಾಯಿ ಶ್ರುತಿ ಮೈಸೂರಿನ ಹುಡುಗಿ, ಅಪ್ಪರ್ ಹಿಲ್‌ನಲ್ಲಿ ಬ್ಯಾಂಕಿನ ಕೆಲಸ. ನಮ್ಮದೇ ಕಟ್ಟಡದ ಮೇಲಿನ ಮಹಡಿಯಲ್ಲಿದ್ದರು. ಇಶಾ ಅಷ್ಟು ಮಾತಿನವಳಲ್ಲ. ಕರೆದರೆ ಕೆಲವು ಸಲ ತಿರುಗುತ್ತಿರಲಿಲ್ಲ. ಗಮನವಿಲ್ಲದ ಮಗು ಎಂದುಕೊಂಡಿದ್ದೆ.

ಕಿರೀಟ ಬೇಡವೆಂದು ಡಾಕ್ಟರು ಹಟ ಹಿಡಿದರು. "ಕಿರೀಟ ಎಲ್ಲಾ ಸಿನಿಮಾದ್ದು ಕಣ್ರೀ. ಪಟ್ಟ ಕಟ್ಟೋದು ಅಂದ್ರೆ ನಿಜವಾಗ್ಲೂ ಕಟ್ಟೋದು, ಹಣೆಗೆ. ನಮ್ಮ ಮಕ್ಕಳಿಗೆ ಅದು ಗೊತ್ತಾಗ್ಲಿ." ಆ ಮಾತು ನನಗೆ ಹಿಡಿಸಿತು. ಹಳೆಯ ಸೀರೆಯ ಅಂಚಿನಿಂದ ಹೊಲಿದು, ರುಂಡಾದಲ್ಲಿನ ಅವರ ಮನೆಯ ಜಗಲಿಯಲ್ಲಿ ತಾಲೀಮಿಗೆ ಒಯ್ದೆ. ರಾಯ ಕಟ್ಟಲು ಬಂದ. ಇಶಾ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಕಂಬದ ಹಿಂದೆ ಓಡಿದಳು. ಹಿಡಿದು ತಂದು ಕಟ್ಟಿದರೆ ಕಿತ್ತು ಬಿಸಾಡಿದಳು, ಹೊಲಿಗೆ ಬಿಟ್ಟುಕೊಂಡಿತು. ಜರಿ ಚುಚ್ಚುತ್ತದೇನೋ ಎಂದು ಒಳಗೆ ಹತ್ತಿಬಟ್ಟೆ ಕೊಟ್ಟು ಹೊಲಿದೆ. ಆಗಲೂ ಕಿತ್ತಳು. ಬಿಗಿಯೇನೋ ಎಂದು ಹಿಂದೆ ಎಲಾಸ್ಟಿಕ್ ಹಾಕಿದೆ. ಆಗಲೂ ಅಷ್ಟೇ. ಬಟ್ಟೆಯ ತಪ್ಪಲ್ಲ ಎಂದು ನನಗೆ ಹೊಳೆಯಲಿಲ್ಲ. ಹೊಲಿಯುವವಳಿಗೆ ಎಲ್ಲ ನೋವೂ ಹೊಲಿಗೆಯದ್ದೇ ಎಂದು ತೋರುತ್ತದೆ.

ಈಗ ಆ ಶನಿವಾರಕ್ಕೆ ಬರುತ್ತೇನೆ. ಮಧ್ಯಾಹ್ನ ನಾಟಕ. ನಾನು ರಾಯರ ಪಂಚೆಯ ಎರಡನೇ ಮಡಿಕೆಯಲ್ಲಿದ್ದಾಗ ಬಾಗಿಲು ಬಡಿದ ಸದ್ದು. ಶ್ರುತಿ ಇಶಾಳ ಕೈ ಹಿಡಿದು ನಿಂತಿದ್ದಳು. ರಾತ್ರಿ ನಿದ್ದೆಯಿಲ್ಲದ ಮುಖ. ಒಂದು ಕಿವಿಯಲ್ಲಿ ಓಲೆಯಿತ್ತು, ಇನ್ನೊಂದರಲ್ಲಿ ಇರಲಿಲ್ಲ.

"ಆಂಟಿ, ಇವಳನ್ನ ಸ್ವಲ್ಪ ಹೊತ್ತು ಇಟ್ಕೊಳ್ತೀರಾ? ಹಾಸ್ಪಿಟಲ್‌ಗೆ ಹೋಗ್ಬೇಕು."

"ಎಂತ ಆಯ್ತು? ಯಾರಿಗೆ ಹುಷಾರಿಲ್ಲ?"

ಅವಳು ಇಶಾಳನ್ನು ಟಿವಿಯ ಮುಂದೆ ಕೂರಿಸಿ, ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. "ಯಾರಿಗೂ ಹೇಳಿಲ್ಲ ಆಂಟಿ. ಇಶಾಗೆ ಎಡಗಿವಿ ಸರಿಯಾಗಿ ಕೇಳ್ಸಲ್ಲ. ಒಳಗೆ ಇನ್ಫೆಕ್ಷನ್, ಕಿವಿ ಹಿಂದಿನ ಮೂಳೆಗೆ ಹೋಗಿದೆ. ಮಂಗಳವಾರ ಆಪರೇಷನ್. ಒಂದ್ಸಲ ಆಗ್ಲೇ ಕ್ಯಾನ್ಸಲ್ ಆಯ್ತು, ನರ್ಸ್ ತಲೆ ಮುಟ್ಟಿದ್ದಕ್ಕೆ ಕಿರುಚಿ ಕಿರುಚಿ ವಾಂತಿ ಮಾಡ್ಕೊಂಡ್ಲು. ಇನ್ನೂ ಮುಂದೆ ಹಾಕಿದ್ರೆ ಇರೋ ಕಿವೀನೂ ಹೋಗುತ್ತೆ ಅಂತಾರೆ ಡಾಕ್ಟ್ರು. ಈ ಸಲ ಹೇಗ್ ಮಾಡೋದು ಅಂತ ಮಾತಾಡಕ್ಕೆ ಹೋಗ್ತಿದೀನಿ."

"ಹೆದರಿಕೆ ಇರ್ತದಲ್ಲ ಮಗುವಿಗೆ."

"ಮೊದ್ಲು ಇರ್ಲಿಲ್ಲ ಆಂಟಿ! ಮೊದ್ಲು ಓಕೆ ಅಂದಿದ್ಲು, ಐಸ್‌ಕ್ರೀಮ್ ಸಿಗುತ್ತಾ ಅಂತ ಕೇಳಿದ್ಲು. ಈಗ ಒಂದು ತಿಂಗಳಿಂದ ತಲೆ ಬಾಚಕ್ಕೂ ಬಿಡ್ತಿಲ್ಲ. ನಾನು ದಿನಾ ಹೇಳ್ತೀನಿ, ಏನಿಲ್ಲ ಪುಟ್ಟಾ, ನಿದ್ದೆ ಬರುತ್ತೆ, ಡಾಕ್ಟರ್ ತಲೆಗೆ ಪಟ್ಟಿ ಕಟ್ತಾರೆ, ಆಮೇಲೆ ಮುಗೀತು ಅಂತ. ಇನ್ನೇನು ಹೇಳ್ಬೇಕು ನಾನು?"

ಅವಳು ಅಳಲಿಲ್ಲ. ಸಿಂಕಿನ ಪಕ್ಕದಲ್ಲಿದ್ದ ವಿಲ್ಫ್ರೆಡ್‌ರ ಲೋಟವನ್ನು ಎತ್ತಿ ತೊಳೆದು, ಬೋರಲು ಹಾಕಿ, ಹೋದಳು.

ನನಗೆ ಆಗಲೂ ಗೊತ್ತಾಗಲಿಲ್ಲ. ಕಿವಿ ಕೇಳಿಸದ ಮಗುವನ್ನು ಗಮನವಿಲ್ಲದ್ದು ಎಂದುಕೊಂಡೆನಲ್ಲ ಎಂದು ಮಾತ್ರ ಯೋಚಿಸುತ್ತಾ ಪಟ್ಟ ಎತ್ತಿಕೊಂಡು ಇಶಾಳ ಬಲಗಡೆ ಹೋಗಿ ಕೂತೆ. ಕೈಗಳು ತಕ್ಷಣ ತಲೆಗೆ ಹೋದವು.

"ಕಟ್ಟುದಿಲ್ಲ ಬಾಯೆ, ಸುಮ್ಮನೆ ಕೇಳ್ತೇನೆ. ಇದು ಚುಚ್ಚುತ್ತದಾ?"

"ನೋ."

"ಬಿಗಿಯಾ?"

"ನೋ."

"ಮತ್ತೆ ಎಂತ?"

ಅವಳು ಟಿವಿ ನೋಡುತ್ತಲೇ ಇಂಗ್ಲಿಷಿನಲ್ಲಿ ಹೇಳಿದಳು. ಮಧ್ಯೆ ಇದ್ದ ಕನ್ನಡ ಮೂರೇ ಮಾತು: ಪಟ್ಟಿ, ನಿದ್ದೆ, ಮುಗೀತು. ನಾಟಕದ ಪುಟ್ಟ ರಾಜನಿಗೂ ಹಾಗೆಯೇ ಅಲ್ಲವೇ, ಪಟ್ಟಿ ಕಟ್ಟುತ್ತಾರೆ, ಆಮೇಲೆ ನಿದ್ದೆ ಬರುತ್ತೆ ಅನ್ನುತ್ತಾನೆ, ಆಮೇಲೆ ಮುಗೀತು. ಅಮ್ಮನೂ ಅದನ್ನೇ ಹೇಳಿದಳು. ಇವತ್ತು ಸುಮ್ಮನೆ ಆಟ, ಮಂಗಳವಾರ ನಿಜ.

ಇಸ್ತ್ರಿ ಪೆಟ್ಟಿಗೆಯ ಕೆಂಪು ದೀಪ ಆರಿ ಮತ್ತೆ ಹತ್ತಿತು. ನಾಟಕದಲ್ಲಿ ಸೂತ್ರಧಾರನ ಮಾತನ್ನು ತಿದ್ದಿ ಬರೆದವಳು ನಾನೇ: "ಪಟ್ಟ ಕಟ್ಟಿದರು. ಕೆಲವೇ ತಿಂಗಳಲ್ಲಿ ಕುಮಾರನ ಕಥೆ ಮುಗಿಯಿತು." ಕುಮಾರನ ಕೊನೆಯ ಮಾತು: "ತಂದೆಯವರೇ, ನನಗೆ ನಿದ್ದೆ ಬರುತ್ತಿದೆ." ಮೇಲಿನ ಮಹಡಿಯಲ್ಲಿ ತಾಯಿ ಅದೇ ಮಾತುಗಳನ್ನು ಧೈರ್ಯಕ್ಕೆಂದು ದಿನಾ ಹೇಳುತ್ತಿದ್ದಳು. ಒಂದೂವರೆ ಕಿವಿಯ ಮಗು ಎರಡನ್ನೂ ಕೂಡಿಸಿಕೊಂಡಿತ್ತು.

ಎದ್ದು ಹೋಗಿ ಔಷಧಿ ಡಬ್ಬದಿಂದ ಬ್ಯಾಂಡೇಜಿನ ಸುರುಳಿ ತಂದೆ. ಕಂಬಳಿಯ ಮೇಲೆ ಅದನ್ನೂ ಜರಿಯದನ್ನೂ ಪಕ್ಕಪಕ್ಕ ಇಟ್ಟೆ. "ನೋಡು, ಇದು ಪಟ್ಟಿ. ಗಾಯ ಆದರೆ ಕಟ್ಟುದು. ಇದು ಪಟ್ಟ. ರಾಜ ಆಗುವಾಗ ಕಟ್ಟುದು. ಬೇರೆ ಬೇರೆ ಮಗಾ. ಹೇಳು, ಪಟ್ಟಿ. ಪಟ್ಟ."

"ಪಟ್ಟಿ. ಪಟ್ಟ." ಅವಳು ಎದ್ದು ಬಂದು ಒಂದೇ ಕೈಯಿಂದ ಎರಡನ್ನೂ ಮುಟ್ಟಿ ನೋಡಿದಳು. ಬ್ಯಾಂಡೇಜನ್ನು ಮೂಸಿಯೂ ನೋಡಿದಳು. "ಪಟ್ಟಿ ಕಟ್ಟಿದ್ರೆ ಸಾಯಲ್ವಾ?"

ಅವಳ ಬಾಯಿಂದ ಅಷ್ಟು ಕನ್ನಡ ನಾನು ಮೊದಲ ಸಲ ಕೇಳಿದ್ದು. "ಇಲ್ಲವೇ ಇಲ್ಲ. ಪಟ್ಟಿ ಕಟ್ಟಿದರೆ ಗುಣ ಆಗ್ತದೆ."

"ಪಟ್ಟ ಕಟ್ಟಿದ್ರೆ?"

ಏನು ಹೇಳಲಿ? ಆ ಮಗುವಿಗೆ ಪಟ್ಟ ಕಟ್ಟದಿದ್ದರೆ ಬದುಕುತ್ತಿತ್ತೋ ಏನೋ. ಕಾಯಿಲೆಯಾದರೆ ಪಟ್ಟದ ತಪ್ಪಲ್ಲ. ವಿಷವಾದರೆ ಪಟ್ಟದ್ದೇ ತಪ್ಪು. ಮನೆಯಲ್ಲಿರುವ ಪುಸ್ತಕಗಳೆಲ್ಲ ಈ ಪ್ರಶ್ನೆಗೆ ಕೈ ಕಟ್ಟಿ ಕೂತಿವೆ, ಏಳು ವರ್ಷದವಳು ನನ್ನ ಮುಖ ನೋಡುತ್ತಿದ್ದಾಳೆ.

"ನನಗೆ ಗೊತ್ತಿಲ್ಲ ಬಾಯೆ" ಎಂದೆ. "ಯಾರಿಗೂ ಸರಿಯಾಗಿ ಗೊತ್ತಿಲ್ಲ."

"ಅವನಿಗೆ ಕಿವಿ ನೋವಿತ್ತಾ?"

"ಅದೂ ಗೊತ್ತಿಲ್ಲ."

ಅವಳು ಟಿವಿಯ ಕಡೆ ತಿರುಗಿದಳು. ತಲೆಯ ಮೇಲಿನ ಕೈ ಇಳಿಯಿತೋ ಇಲ್ಲವೋ ಎಂದು ನೋಡಿದೆ. ಒಂದು ಇಳಿದಿತ್ತು. ಎಡಗಿವಿಯ ಕಡೆಯದು ಅಲ್ಲೇ ಇತ್ತು.

ನಾಗರಾಜ್ ಡಾಕ್ಟರಿಗೆ ಫೋನ್ ಮಾಡಿದೆ. ಶ್ರುತಿ ಯಾರಿಗೂ ಹೇಳಿಲ್ಲ ಎಂದಿದ್ದಳಲ್ಲ, ಕಾರಣ ಹೇಳುವಂತಿರಲಿಲ್ಲ. ಕುಮಾರ ಸಾಯುವ ದೃಶ್ಯ ಬಿಟ್ಟುಬಿಡೋಣವೇ ಎಂದು ಮಾತ್ರ ಕೇಳಿದೆ.

"ಏನ್ರೀ ಇದು, ಇವತ್ತು ಆಟ, ಇವತ್ತು ಕೇಳ್ತೀರಾ? ಅವನು ಸಾಯ್ಲಿಲ್ಲ ಅಂದ್ರೆ ನಾನು ಮಂತ್ರಿ ಕಣ್ಣು ಯಾಕ್ ಕೀಳಿಸ್ಲಿ?"

"ಕೀಳಿಸ್ಲೇ ಇಲ್ಲ ಅಂತ ಕೂಡ ಹೇಳ್ತಾರಲ್ಲ ಸರ್."

"ಲೂಸಿಯವ್ರೇ, ಪ್ಲೀಸ್. ವಿಷ ಕುಡಿದ ಬಾಯಿಗೆ ಟೂತ್‌ಪೇಸ್ಟ್ ನೊರೆ ಬೇಡ ಅಂದ್ರಿ, ಬಿಟ್ಟೆ. ಸಾವೂ ಬೇಡ ಅಂದ್ರೆ ಹೇಗೆ? ಇತಿಹಾಸಾನ ಇಸ್ತ್ರಿ ಮಾಡಕ್ಕಾಗಲ್ಲ ಕಣ್ರೀ."

ಶಾಲೆಯೊಂದರ ಹಾಲಿನಲ್ಲಿ ನಾಟಕ. ನಾನು ಪ್ರತಿ ವರ್ಷ ನಿಲ್ಲುತ್ತಿದ್ದದ್ದು ಎಡಗಡೆಯ ಪರದೆಯ ಹಿಂದೆ, ಅಲ್ಲಿ ಸ್ಟೂಲು ಇದೆ ಎಂಬ ಕಾರಣಕ್ಕೆ. ಅವತ್ತು ಸ್ಟೂಲು ಎತ್ತಿಕೊಂಡು ಬಲಗಡೆಗೆ ಹೋದೆ. ಇದನ್ನು ಹೊಸಬರು ಗಮನದಲ್ಲಿಡಬೇಕು: ಯಾವ ಮಗುವಿಗೆ ಯಾವ ಕಿವಿ ಎಂದು ಮೊದಲೇ ಕೇಳಿಕೊಳ್ಳಿ. ಸಭೆಯಲ್ಲಿ ಮುಂದಿನಿಂದ ಮೂರನೇ ಸಾಲಿನಲ್ಲಿ ಶ್ರುತಿ ಕೈಚೀಲವನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ಬೆಳಗಿನ ಮಾತು ಅವಳಿಗೆ ಹೇಳಲು ಹೊತ್ತೇ ಸಿಕ್ಕಿರಲಿಲ್ಲ.

ಪಟ್ಟಾಭಿಷೇಕದ ದೃಶ್ಯ. ರಾಯ ಪಟ್ಟ ಎತ್ತಿದ. ಇಶಾಳ ಕೈಗಳು ಅರ್ಧ ಮೇಲೆ ಹೋದವು. ಅಲ್ಲೇ ನಿಂತವು. ನನ್ನ ಕಡೆ ನೋಡಿದಳು. ನಾನು ತುಟಿಯಲ್ಲಿ ಮಾತ್ರ "ಪಟ್ಟ" ಎಂದೆ. ಅವಳೂ ತುಟಿಯಲ್ಲಿ "ಪಟ್ಟ" ಎಂದಳು. ಕಣ್ಣು ಬಿಗಿಯಾಗಿ ಮುಚ್ಚಿ, ಹಲ್ಲು ಕಚ್ಚಿ, ಕಟ್ಟಿಸಿಕೊಂಡಳು. ಸಭೆಗೆ ಅದು ರಾಜಗಾಂಭೀರ್ಯದಂತೆ ಕಂಡಿರಬೇಕು, ಚಪ್ಪಾಳೆ ಬಿತ್ತು.

ನಂತರ ಕುಮಾರನ ಹಾಸಿಗೆ. ಸಖಿ ಹಾಲು ಕೊಟ್ಟಳು, ಹಲ್ಲು ಕೊಡಲಿಲ್ಲ. ಇಶಾ ಕುಡಿದಳು. ಈಗ ಅವಳ ಮಾತು. ಅವಳು ಸುಮ್ಮನಿದ್ದಾಳೆ. ರಾಯ ಕಾಯುತ್ತಿದ್ದಾನೆ. "ತಂದೆಯವರೇ" ಎಂದು ನಾನು ಶುರುಮಾಡಬೇಕು. ಅಷ್ಟು ವರ್ಷ ಎಷ್ಟೋ ರಾಜರಿಗೆ ಸಾಯುವ ಮಾತು ಹೇಳಿಕೊಟ್ಟ ಬಾಯಿ. ಅವತ್ತು "ನಿದ್ದೆ ಬರುತ್ತಿದೆ" ಎಂಬ ಎರಡು ಪದವನ್ನು ಹೇಳಿಕೊಡಲಿಲ್ಲ. ಮೂರನೇ ಸಾಲನ್ನು ನೋಡಿದೆ. ಹಾಸಿಗೆಯನ್ನು ನೋಡಿದೆ. ಪರದೆ ಎಳೆಯಲೇ ಎಂದು ಹಗ್ಗವನ್ನೂ ನೋಡಿದೆ. ನಾಗರಾಜ್ ಡಾಕ್ಟರು ಮಗನ ಮೇಲೆ ಬಾಗಿದವರು ಮೀಸೆಯ ಕೆಳಗಿನಿಂದ, "ಲೂಸಿಯವ್ರೇ... ಲೂಸಿಯವ್ರೇ..." ಎನ್ನುತ್ತಿದ್ದುದು ಮುಂದಿನ ಸಾಲಿಗೆಲ್ಲ ಕೇಳಿಸಿತು.

ಆಗ ಇಶಾ ನನ್ನ ಕಡೆ ಇನ್ನೊಮ್ಮೆ ನೋಡಿ, ನನ್ನಿಂದ ಏನೂ ಬರುವುದಿಲ್ಲ ಎಂದು ತಿಳಿದವಳಂತೆ ಮುಖ ತಿರುಗಿಸಿ, ಹಾಲಿನ ಕೊನೆಯ ಸಾಲಿಗೆ ಮುಟ್ಟುವ ಹಾಗೆ ಕೂಗಿದಳು: "ತಂದೆಯವರೇ! ನನಗೆ ನಿದ್ದೆ ಬರುತ್ತಿದೆ!" ಮತ್ತು ಸತ್ತಳು. ಬಹಳ ಚೆನ್ನಾಗಿ ಸತ್ತಳು. ರಾಯ ಅಷ್ಟು ಹೊತ್ತು ಅತ್ತರೂ ಒಂದು ರೆಪ್ಪೆ ಅಲುಗಲಿಲ್ಲ. ನಾನು ಪರದೆಯ ಹಿಂದೆ ಅವಳ ಹೊಟ್ಟೆ ಏರಿಳಿಯುತ್ತದೆಯೇ ಎಂದು ನೋಡುತ್ತಾ ನಿಂತಿದ್ದೆ.

ಪರದೆ ಬಿದ್ದಕೂಡಲೇ ಎದ್ದು ನೇರ ನನ್ನ ಬಳಿ ಬಂದಳು. "ಆಂಟಿ, ಯು ಫರ್ಗಾಟ್ ಯುವರ್ ಲೈನ್" ಎಂದಳು. ಬೈದದ್ದೋ ಸಮಾಧಾನ ಹೇಳಿದ್ದೋ ತಿಳಿಯಲಿಲ್ಲ. ಪಟ್ಟ ಬಿಚ್ಚಲು ಕೈ ಚಾಚಿದೆ. ಹಿಂದೆ ಸರಿದಳು. ಬೆಳಿಗ್ಗೆ ಕಟ್ಟಲು ಬಿಡದವಳು ಈಗ ಬಿಚ್ಚಲು ಬಿಡಲಿಲ್ಲ. ಅದರ ಅರ್ಥವೂ ನನಗೆ ಆಗಲಿಲ್ಲ.

ಮೂವರೂ ಒಂದೇ ಟ್ಯಾಕ್ಸಿಯಲ್ಲಿ ಮರಳಿದೆವು. ದಾರಿಯಲ್ಲಿ ಶ್ರುತಿಗೆ ಬೆಳಗಿನ ಮಾತನ್ನು ಕೊಂಕಣಿ, ಕನ್ನಡ, ಇಂಗ್ಲಿಷು ಎಲ್ಲ ಕಲಸಿ ಹೇಗೋ ಹೇಳಿದೆ. ಅವಳು ಕಿಟಕಿಯಾಚೆ ಮಟಾಟು ವ್ಯಾನುಗಳ ಮೇಲಿನ ಚಿತ್ರ ನೋಡುತ್ತಾ, "ಮುಗೀತು ಅಂತ ನಾನೇ ಹೇಳ್ತಿದ್ದೆ ಅಲ್ವಾ ಆಂಟಿ" ಎಂದಳು. "ಈಗ ಏನಂತ ಹೇಳ್ಲಿ?" ಇಶಾ ನಮ್ಮಿಬ್ಬರ ನಡುವೆ ಪಟ್ಟ ಕಟ್ಟಿಕೊಂಡೇ ಚಿಪ್ಸ್ ತಿನ್ನುತ್ತಿದ್ದಳು.

ನಮ್ಮ ಕಟ್ಟಡದ ಮೆಟ್ಟಿಲ ಬಳಿ ಮಾಮಾ ಮುಥೋನಿ ಸೊಪ್ಪಿನ ಕಟ್ಟು ಹಿಡಿದು, ಬೀಗದ ಕೈಗೆ ಚೀಲ ತಡಕಾಡುತ್ತಿದ್ದರು. ಸಂಜೆಯ ಅರೆಬೆಳಕಿನಲ್ಲಿ ಇಶಾಳ ಹಣೆ ನೋಡಿ, "ಅಯ್ಯೋ, ಪೋಲೆ, ಪೋಲೆ" ಎಂದು ಮರುಗಿದರು. ಇಲ್ಲಿ ಯಾರಿಗೆ ನೋವಾದರೂ ಮೊದಲು ಬರುವ ಮಾತು ಅದು. ಅವರ ಇಂಗ್ಲಿಷು ಸ್ವಾಹಿಲಿಯನ್ನು ನನ್ನ ಕನ್ನಡದಲ್ಲಿ ಬರೆಯುತ್ತೇನೆ. "ಮಗುವಿನ ತಲೆಗೆ ಏನಾಯಿತು? ಬಿದ್ದಳಾ?"

ಶ್ರುತಿ ವಿವರಿಸಲು ಬಾಯಿ ತೆರೆದಳು. ಅದಕ್ಕೆ ಮೊದಲೇ ಇಶಾ, ಅವರಿಗೆ ಕನ್ನಡ ಬರುತ್ತದೋ ಇಲ್ಲವೋ ಎಂದು ಯೋಚಿಸದೆ, "ಇವತ್ತು ಪಟ್ಟ. ಟ್ಯೂಸ್‌ಡೇ ಪಟ್ಟಿ" ಎಂದಳು.

ಶ್ರುತಿ ನನ್ನ ಮೊಣಕೈ ಹಿಡಿದುಕೊಂಡಳು. ಮಾಮಾ ಮುಥೋನಿಗೆ ಅರ್ಥವಾದದ್ದು ಟ್ಯೂಸ್‌ಡೇ ಒಂದೇ. ಅಷ್ಟರಲ್ಲಿ ಬೀಗದ ಕೈ ಸಿಕ್ಕಿತು. ಬಾಗಿಲು ತೆರೆಯುತ್ತಾ, ತಿರುಗಿಯೂ ನೋಡದೆ ಹೇಳಿದರು:

"ಸವಾ, ಸವಾ, ಸರಿ ಬಿಡಿ. ನಮ್ಮ ಮುಥೋನಿಗೂ ಚಿಕ್ಕವಳಿದ್ದಾಗ ಹೀಗೇ ಕಟ್ಟಿದ್ದರು. ಒಂದು ವಾರಕ್ಕೆ ಬಿಚ್ಚುತ್ತಾರೆ, ಆಮೇಲೆ ಮುಗಿಯಿತು."